ಅಮ್ಮನ ಜೊತೆ ಅರ್ಮೇನಿಯಾ 8 ದಿನ, ಬರೀ ಚರ್ಚ್ ನೋಡಿ ಬೋರ್ ಆಗುತ್ತಾ?

ಬೆಣ್ಣೆದೋಸೆ_22:
ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇಲಿ ನಾನು, ಅಮ್ಮ ಇಬ್ರೇ ಅರ್ಮೇನಿಯಾಗೆ ಹೊರಟಿದೀವಿ. ಶಾರ್ಜಾ ಮೇಲೆ ಟಿಕೆಟ್ ಆಗಿದೆ, ಎಂಟು ದಿನಕ್ಕೂ ರಾಜಧಾನಿ ಯೆರೆವಾನ್‌ನಲ್ಲೇ ರೂಮ್ ಮಾಡಿದೀನಿ. ಈಗ ಲಿಸ್ಟ್ ಬರಿತಾ ಕೂತ್ರೆ ಬರೀ ಚರ್ಚು, ಮೊನಾಸ್ಟರಿ... ಗಾರ್ನಿ, ಗೆಘಾರ್ಡ್, ಖೋರ್ ವಿರಾಪ್, ನೋರವಾಂಕ್, ತಾತೇವ್, ಹಘ್ಪಾತ್, ಸನಾಹಿನ್, ಮುಗಿಯೋದೇ ಇಲ್ಲ. ನಮ್ಮಣ್ಣ ಬೇರೆ "ಮೂರನೇದು ನೋಡೋ ಹೊತ್ತಿಗೆ ಎಲ್ಲಾ ಒಂದೇ ಥರ ಕಾಣುತ್ತೆ ನೋಡ್ತಿರು" ಅಂತ ರೇಗಿಸ್ತಿದಾನೆ. ಯಾವ್ದು ಬಿಡ್ಬಹುದು ಹೇಳಿ. ಅಮ್ಮಂಗೆ 63, ಮಂಡಿ ನೋವು, ಮೊಟ್ಟೆನೂ ತಿನ್ನಲ್ಲ. ಅಲ್ಲಿ ಊಟಕ್ಕೆ ಏನ್ ಗತಿ?

ಕಾಫಿತೋಟ:
ಮೊದ್ಲು ಒಂದು ತಿದ್ದುಪಡಿ, ಗಾರ್ನಿ ಚರ್ಚ್ ಅಲ್ಲ. ಅದು ಕ್ರೈಸ್ತ ಧರ್ಮ ಬರೋಕೆ ಮುಂಚಿನ ದೇವಸ್ಥಾನ, ಸೂರ್ಯದೇವ ಮಿಹ್ರ್‌ಗೆ ಕಟ್ಟಿದ್ದು ಅಂತಾರೆ. 1679ರ ಭೂಕಂಪದಲ್ಲಿ ಬಿದ್ದೋಗಿತ್ತು, ಸೋವಿಯತ್ ಕಾಲದಲ್ಲಿ ಬಿದ್ದ ಕಲ್ಲನ್ನೇ ಹುಡುಕಿ ಜೋಡಿಸಿ 1975ಕ್ಕೆ ಮತ್ತೆ ನಿಲ್ಸಿದ್ರು. ಹೊಸ ಕಲ್ಲು ಹಾಕಿರೋ ಕಡೆ ಕೆತ್ತನೆ ಮಾಡ್ದೆ ಸಾದಾ ಬಿಟ್ಟಿದಾರೆ, ಹತ್ರ ಹೋಗಿ ನೋಡಿದ್ರೆ ಯಾವುದು ಹಳೇದು ಯಾವುದು ಹೊಸದು ಅಂತ ಗೊತ್ತಾಗುತ್ತೆ. ನಂಗಂತೂ ಅದೇ ಬಹಳ ಇಷ್ಟ ಆಗಿದ್ದು.

ನಿಮ್ಮಣ್ಣ ಹೇಳಿದ್ದು ಅರ್ಧ ನಿಜ. ನಾನು ಮೂರೇ ದಿನದಲ್ಲಿ ಒಂಬತ್ತು ನೋಡ್ದೆ, ಈಗ ಫೋಟೋ ತೆಗೆದ್ರೆ ಯಾವ್ದು ಯಾವ್ದೋ ನಂಗೇ ಗೊತ್ತಾಗಲ್ಲ. ಅದಕ್ಕೇ ನಾಲ್ಕೇ ಇಟ್ಕೊಳ್ಳಿ, ಒಂದೊಂದ್ರಲ್ಲೂ ಎರಡು ಗಂಟೆ ಕೂತ್ಕೊಳ್ಳಿ. ಗೆಘಾರ್ಡ್ ಬಿಡ್ಲೇಬೇಡಿ. ಬೆಟ್ಟದೊಳಗೇ ಕೊರೆದಿರೋದು, ಒಂದು ಕೋಣೇಲಿ ಬಂಡೆಯಿಂದ ಊಟೆ ನೀರು ಬರ್ತಾ ಇರುತ್ತೆ, ಮೇಲಿನ ಮಂಟಪದಲ್ಲಿ ಅಮ್ಮ ಒಂದು ದೇವರನಾಮದ ಎರಡು ಸಾಲು ಹಾಡಿದ್ರೂ ಸಾಕು, ದನಿ ಸುತ್ತಿ ಸುತ್ತಿ ವಾಪಸ್ ಬರುತ್ತೆ. ಒಂದು ವಿಷಯ ಮೊದ್ಲೇ ಹೇಳಿಬಿಡಿ ಅವರಿಗೆ, ಅಲ್ಲಿ ಮತಾಘ್ ಅಂತ ಹರಕೆ ಕುರಿ, ಕೋಳಿ ತರೋರು ಇರ್ತಾರೆ. ಪಾದ್ರಿ ಮಂತ್ರಿಸಿದ ಉಪ್ಪು ಹಾಕಿ ಬೇಯಿಸಿ ಹಂಚ್ತಾರೆ. ನಮ್ಮೂರ ಮಾರಿಹಬ್ಬ ನೋಡಿದೋರಿಗೆ ಹೊಸದೇನಲ್ಲ, ಆದ್ರೂ ಚರ್ಚ್ ಹತ್ರ ನೋಡಿ ನಾನು ಬೆಚ್ಚಿಬಿದ್ದಿದ್ದೆ.

ಖೋರ್ ವಿರಾಪ್‌ಗೆ ಹೋಗೋದೇ ಅರರಾತ್ ಬೆಟ್ಟ ನೋಡೋಕೆ, ಬೆಳಿಗ್ಗೆ ಬೇಗ ಹೋಗಿ. ನಾನು 11 ಗಂಟೆಗೆ ಹೋಗಿ ಬರೀ ಮಬ್ಬು ನೋಡ್ಕೊಂಡು ಬಂದೆ, 5137 ಮೀಟರ್ ಎತ್ತರದ ಬೆಟ್ಟ ಮಾಯ! ಆ ಬೆಟ್ಟ ಅವರ ದೇಶದ ಲಾಂಛನದಲ್ಲೇ ಇದೆ, ಆದ್ರೆ ಇರೋದು ಟರ್ಕಿಲಿ, ಗಡಿ 1993ರಿಂದ ಮುಚ್ಚಿದೆ. ಕಣ್ಣೆದುರಿಗಿದ್ರೂ ಹೋಗೋಕಾಗಲ್ಲ. ಒಳಗಡೆ, ಅರ್ಮೇನಿಯಾಗೆ ಕ್ರೈಸ್ತ ಧರ್ಮ ತಂದ ಸಂತ ಗ್ರಿಗೊರ್‌ನ 13 ವರ್ಷ ಕೂಡಿಹಾಕಿದ್ರು ಅನ್ನೋ ಗುಂಡಿಗೆ ನೆಟ್ಟಗಿರೋ ಕಬ್ಬಿಣದ ಏಣಿ, ಅಮ್ಮ ಇಳಿಯೋದು ಬೇಡ.

ಮಲ್ಪೆ_ಕಡಲು:
ಗಾರ್ನಿಗೆ ಹೋದ್ರೆ ಮಾರಾಯ್ರೆ ದೇವಸ್ಥಾನ ನೋಡಿ ಹಾಗೇ ವಾಪಸ್ ಬರ್ಬೇಡಿ, ಕೆಳಗೆ ಕಣಿವೆಯಲ್ಲಿ ಕಲ್ಲಿನ ಕಂಬಗಳು ಉಂಟು, ಮೇಲಿಂದ ನೇತು ಹಾಕಿದ ಹಾಗೆ. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆರು ಮೂಲೆಯ ಕಂಬ ಆಗಿದ್ದು. ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲಿ ನಾವು ಆ ಕಂಬಗಳ ತಲೆ ಮೇಲೆ ನಡೀತೇವೆ, ಅಲ್ಲಿ ಕಂಬದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವುದು, ವ್ಯತ್ಯಾಸ ಅಷ್ಟೆ. ಹಳ್ಳಿಯಿಂದ ಜೀಪಿನವರು ಕೆಳಗೆ ಕರ್ಕೊಂಡು ಹೋಗ್ತಾರೆ, ರೇಟು ಮೊದಲೇ ಮಾತಾಡಿ. ನಾನು ಮಾತಾಡದೆ ಹತ್ತಿ ಕೂತು ಆಮೇಲೆ ಅರ್ಧ ಗಂಟೆ ಜಗಳ.

ಬೆಣ್ಣೆದೋಸೆ_22:
ಅಯ್ಯೋ ಸೂಪರ್, ಇದು ನನ್ ಲಿಸ್ಟಲ್ಲೇ ಇರ್ಲಿಲ್ಲ. ತಾತೇವ್ ಒಂದೇ ದಿನದಲ್ಲಿ ಹೋಗಿ ಬರ್ಬಹುದಾ? ರೋಪ್‌ವೇ ಆಸೆ ನಂಗೆ.

ಫೇಡಾ_ಪ್ರಿಯ:
ಒಂದ ದಿನದಾಗ ಹೋಗಿ ಬರಬ್ಯಾಡ್ರಿ. ಯೆರೆವಾನ್‌ನಿಂದ 250 ಕಿಮೀ, ಬರೀ ಗುಡ್ಡದ ದಾರಿ, ಅವ್ವಾರ ಮಂಡಿ ಕತಿ ಮುಗೀತು. 5.7 ಕಿಮೀ ರೋಪ್‌ವೇ ಚಲೋ ಐತಿ ಖರೆ, ಆದ್ರ ಅದಕ್ಕಂತ ಎಂಟು ತಾಸು ಕಾರಿನಾಗ? ನಿಮ್ಮ ಎಂಟು ದಿನದ ಯೆರೆವಾನ್ ರೂಮಿನಾಗ ಎರಡು ರಾತ್ರಿ ಕ್ಯಾನ್ಸಲ್ ಮಾಡ್ರಿ, ಒಂದು ಅರೇನಿ ಕಡೆ ಉಳೀರಿ, ಒಂದು ದಿಲಿಜಾನ್ ಕಾಡಿನಾಗ. ಅರೇನಿಯಿಂದ ನೋರವಾಂಕ್ ಹತ್ರ ಐತಿ, ಕೆಂಪ ಕಲ್ಲಿನ ಕಣಿವಿ, ಮುಂಜಾನೆ ಬಿಸಲಿಗೆ ನೋಡ್ರಿ. ಅಲ್ಲಿ ಗ್ವಾಡಿಗೆ ಹಚ್ಚಿದ ಸಣ್ಣ ಮೆಟ್ಟಲಾ ಅದಾವು, ಹಿಡಕೊಳ್ಳಾಕ ಏನೂ ಇಲ್ಲ, ಅವ್ವಾರು ಕೆಳಗ ಕುಂತ ನೋಡ್ಲಿ. ದಾರಿಯಾಗ ಅರೇನಿ ಗವಿ, 5,500 ವರ್ಷದ ಹಿಂದಿನ ಚರ್ಮದ ಬೂಟು ಸಿಕ್ಕಿದ್ದು ಅಲ್ಲೇ. ಆ ಬೂಟ ಈಗ ಯೆರೆವಾನ್ ಮ್ಯೂಸಿಯಮ್ಮಿನಾಗ ಐತಿ.

ಇನ್ನೊಂದು, ಯಾರರ ಮನಿಯಾಗ ಲವಾಶ್ ಮಾಡೂದು ನೋಡ್ರಿ. ನೆಲದಾಗ ಹುಗಿದ ಒಲಿ, ತೊನಿರ್ ಅಂತಾರ, ಹೆಣ್ಮಕ್ಕಳು ಬಗ್ಗಿ ಬಗ್ಗಿ ಒಳಗಿನ ಗ್ವಾಡಿಗೆ ಬಡೀತಾರ. ಒಣಗಿಸಿ ತಿಂಗಳಗಟ್ಟಲೆ ಇಟ್ಟು ತಿನ್ನೂ ಮುಂದ ನೀರು ಚಿಮುಕಸ್ತಾರ. ನಮ್ಮ ಕಡಕ ರೊಟ್ಟಿ ನೆನಪಾಗಿ ನನಗ ಕಣ್ಣೀರ ಬಂತ್ರಿ, ಶೇಂಗಾ ಚಟ್ನಿ ಒಂದ ಇರಲಿಲ್ಲ.

ಮಗಳು_ಯೆರೆವಾನ್‌ನಲ್ಲಿ:
ನನ್ ಮಗಳು ಅಲ್ಲೇ ಎಂಬಿಬಿಎಸ್ ಮಾಡ್ತಿದಾಳೆ, ಎರಡು ಸಲ ಹೋಗಿದೀನಿ, ನಾನೂ ಸಸ್ಯಾಹಾರಿ. ಹೋಟೆಲಲ್ಲಿ "ಪಸುತ್ಸ್" ಅಂತ ಕೇಳಿ, ಅವರ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಏನೂ ಇರಲ್ಲ. ಎಲೆಯಲ್ಲಿ ಸುತ್ತಿ ಬೇಯಿಸೋ ದೋಲ್ಮಾನೂ ಪಸುತ್ಸ್ ಮಾಡ್ತಾರೆ, ಕಾಳು ತುಂಬಿ. ಝಿಂಗ್ಯಾಲೊವ್ ಹಾತ್ಸ್ ಅಂತ ರೊಟ್ಟಿಯೊಳಗೆ ಹತ್ತಾರು ಥರ ಸೊಪ್ಪು ತುಂಬಿ ಬೇಯಿಸಿದ್ದು ಸಿಗುತ್ತೆ, ಅಮ್ಮಂಗೆ ಹಿಡಿಸೇ ಹಿಡಿಸುತ್ತೆ. ಮಾತ್ಸುನ್ ಅಂದ್ರೆ ಮೊಸರೇ, ಥಾನ್ ಅಂದ್ರೆ ಉಪ್ಪು ಮಜ್ಜಿಗೆ, ಅಕ್ಕಿ ಅಂಗಡೀಲಿ ಸಿಗುತ್ತೆ, ಇನ್ನೇನ್ ಬೇಕು? ಗಾತಾ ಅನ್ನೋ ಸಿಹಿ ರೊಟ್ಟಿ ಮಾತ್ರ ಕೇಳಿ ತಗೊಳ್ಳಿ, ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ. ಕುಡಿಯೋ ನೀರಿಗೆ ದುಡ್ಡು ಹಾಕ್ಬೇಡಿ, ಊರು ತುಂಬಾ ಪುಲ್ಪುಲಾಕ್ ಅಂತ ಕಲ್ಲಿನ ನಲ್ಲಿಗಳಿವೆ, ಎಷ್ಟೋ ಕಡೆ ತೀರಿಹೋದವರ ನೆನಪಿಗೆ ಮನೆಯವರು ಕಟ್ಸಿರ್ತಾರೆ. ನಮ್ಮ ಅರವಟ್ಟಿಗೆ ಥರಾನೇ.

ಯೆರೆವಾನ್‌ನಲ್ಲಿ ಮತೆನದರಾನ್‌ಗೆ ಅರ್ಧ ದಿನ ಕೊಡಿ, ಹಸ್ತಪ್ರತಿಗಳ ಮ್ಯೂಸಿಯಂ. ಅಲ್ಲಿ ಮೂಶ್ ಊರಿನ ಒಂದು ಪುಸ್ತಕ ಇದೆ, 28 ಕೆಜಿ ಹತ್ರ ತೂಕ. 1915ರಲ್ಲಿ ಒಟ್ಟೊಮನ್ ಟರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದ ಟೈಮಲ್ಲಿ ಇಬ್ಬರು ಹೆಂಗಸರು ಪ್ರಾಣ ಉಳಿಸ್ಕೊಂಡು ಓಡೋವಾಗ ಅದನ್ನ ಎರಡು ಭಾಗ ಮಾಡಿ ಹೊತ್ಕೊಂಡು ಹೋದ್ರಂತೆ. ಮೈಮೇಲಿನ ಬಟ್ಟೆ ಬಿಟ್ರೆ ಏನೂ ಇಲ್ದಿರೋ ಹೊತ್ತಲ್ಲಿ ಪುಸ್ತಕ! ಅದಾದ್ಮೇಲೆ ತ್ಸಿತ್ಸೆರ್ನಕಾಬೆರ್ದ್ ಅನ್ನೋ ಆ ನರಮೇಧದ ಸ್ಮಾರಕಕ್ಕೆ ಹೋಗಿ, ಅವತ್ತು ಸಂಜೆ ಶಾಪಿಂಗ್ ಪ್ಲಾನ್ ಬೇಡ, ಆಗಲ್ಲ ನಿಮ್ ಕೈಲಿ.

ಕಾಫಿತೋಟ:
@ಮಗಳು_ಯೆರೆವಾನ್‌ನಲ್ಲಿ ನಾನು ಮತೆನದರಾನ್ ಬಿಟ್ಟು ಬಂದೆ, ಈಗ ಹೊಟ್ಟೆ ಉರೀತಿದೆ. ಅಂದಹಾಗೆ ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 1794ರಲ್ಲಿ ಅಚ್ಚಾಗಿದ್ದು ನಮ್ ಪಕ್ಕದ ಮದ್ರಾಸಲ್ಲಿ, ಅಜ್ದಾರಾರ್ ಅಂತ ಹೆಸರು. ಚೆನ್ನೈನ ಅರ್ಮೇನಿಯನ್ ಸ್ಟ್ರೀಟಲ್ಲಿ ಅವರ ಚರ್ಚ್ ಇವತ್ತಿಗೂ ಇದೆ.

ಬೆಣ್ಣೆದೋಸೆ_22:
ತಾತೇವ್ ಕ್ಯಾನ್ಸಲ್, ಹಘ್ಪಾತ್, ಸನಾಹಿನ್ ಕ್ಯಾನ್ಸಲ್. ಅರೇನಿ, ದಿಲಿಜಾನ್ ಒಂದೊಂದು ರಾತ್ರಿ. ಅಮ್ಮಂಗೆ ಗೆಘಾರ್ಡ್ ವಿಷಯ ಓದಿ ಹೇಳಿದ್ರೆ ಹರಕೆ ಕುರಿ ಬಗ್ಗೆ ಏನೂ ಅನ್ಲಿಲ್ಲ, ಆಗ್ಲೇ ಯಾವ ಹಾಡು ಹೇಳೋದು ಅಂತ ಯೋಚ್ನೆ ಶುರು ಮಾಡಿದಾರೆ. @ಫೇಡಾ_ಪ್ರಿಯ ಶೇಂಗಾ ಚಟ್ನಿಪುಡಿ ಅರ್ಧ ಕೆಜಿ ಪ್ಯಾಕ್ ಆಯ್ತು ರೀ.