ವರ್ಣಚಿತ್ರಗಳೂ ಮನೆಮನೆಯ ಹಳೇ ವಸ್ತುಗಳೂ ಒಂದೇ ಹಾಲ್‌ನಲ್ಲಿ: ಬೆಳಕು, ಶೋಕೇಸ್, ಎರವಲು ಪತ್ರ ಹೇಗಿರಬೇಕು?

ಚೌಕಟ್ಟು:
ನಮಸ್ಕಾರ. ಪ್ರಾದೇಶಿಕ ಸಾಂಸ್ಕೃತಿಕ ಕೇಂದ್ರವೊಂದರಲ್ಲಿ 90 ದಿನಗಳ ಪ್ರದರ್ಶನ, ದಿನಕ್ಕೆ 8 ಗಂಟೆ. ಇರುವುದು ಒಂದೇ ಹಾಲ್. ತೈಲವರ್ಣ ಚಿತ್ರಗಳು, ಕೆಲವು ಜಲವರ್ಣಗಳು ಒಂದು ಕಡೆ. ದುಡಿಯುವ ಜನರ ಬದುಕಿನ ಭಾಗ ಇನ್ನೊಂದು ಕಡೆ: ಮನೆಗಳಿಂದ ಎರವಲು ತಂದ ಫೋಟೋ, ಪತ್ರ, ಕೂಲಿ ಲೆಕ್ಕದ ಪುಸ್ತಕ, ಬಟ್ಟೆ, ಹಿತ್ತಾಳೆಯ ಸಲಕರಣೆ, ಬೆಳ್ಳಿಯ ಸಣ್ಣಪುಟ್ಟ ಒಡವೆ. ಚಿತ್ರಗಳಿಗೆ ಬೆಳಕು ಬೇಕು, ಕಾಗದಕ್ಕೆ ಬೆಳಕು ಆಗದು. ಎರಡನ್ನೂ ಹೇಗೆ ಹೊಂದಿಸುವುದು? ಶೋಕೇಸ್‌ಗಳನ್ನು ಪ್ಲೈವುಡ್‌ನಲ್ಲಿ ಮಾಡಿಸಬಹುದೇ? ಮನೆಯವರಿಂದ ಏನೇನು ಬರೆಸಿಕೊಳ್ಳಬೇಕು?

ಹಳೇಕಾಗದ:
ಮೊದಲು ಬೆಳಕಿನ ವಿಚಾರ. ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆಯೇ ಲಕ್ಸ್. ತೈಲವರ್ಣಕ್ಕೆ 200 ಲಕ್ಸ್. ಜಲವರ್ಣ, ಫೋಟೋ, ಪತ್ರ, ಬಟ್ಟೆಗೆ 50 ಲಕ್ಸ್. ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಲಕ್ಸ್ ಮೀಟರನ್ನು ವಸ್ತುವಿನ ಮೇಲ್ಮೈ ಪಕ್ಕದಲ್ಲೇ ಹಿಡಿದು ಅಳೆಯಿರಿ.

ಆದರೆ 50 ಲಕ್ಸ್ ಇಟ್ಟ ಮಾತ್ರಕ್ಕೆ ವಸ್ತು ಕ್ಷೇಮ ಅಂದುಕೊಳ್ಳಬೇಡಿ. ಬೆಳಕಿನ ಹಾನಿ ಕೂಡುತ್ತಲೇ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಲಕ್ಸ್ ಗುಣಿಸು ಗಂಟೆ. ತೀರಾ ಬೇಗ ಮಾಸುವ ವಸ್ತುಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ ಎಂಬುದು ಅಂತರರಾಷ್ಟ್ರೀಯ ಬೆಳಕು ಆಯೋಗದ ಮಾರ್ಗದರ್ಶಿ ಮಿತಿ. ನಿಮ್ಮಲ್ಲಿ ದಿನಕ್ಕೆ 400 ಆಗುತ್ತದೆ, 90 ದಿನಕ್ಕೆ 36,000. ಅಂದರೆ 38ನೇ ದಿನದ ಹೊತ್ತಿಗೇ ವರ್ಷದ ಪಾಲು ಮುಗಿದಿರುತ್ತದೆ. ಅದಕ್ಕೇ ಪತ್ರ, ಬಣ್ಣದ ಬಟ್ಟೆ, ಜಲವರ್ಣಗಳನ್ನು ಮೂರು ತಂಡ ಮಾಡಿ ತಿಂಗಳಿಗೊಂದು ತಂಡ ಇಡಿ. ಆಗ ಒಂದೊಂದಕ್ಕೂ 12,000 ಮಾತ್ರ. ಹಳೇ ಫೋಟೋಗಳ ಬದಲು ಒಳ್ಳೆಯ ಪ್ರತಿ ಮುದ್ರಿಸಿ ತೂಗುಹಾಕಿದರೂ ಸರಿಯೇ, ಆದರೆ ‘ಇದು ಪ್ರತಿ’ ಎಂದು ಲೇಬಲ್‌ನಲ್ಲಿ ಹೇಳಲೇಬೇಕು. ಗುಡಿಸಿ ಒರೆಸುವ ಹೊತ್ತಿನಲ್ಲಿ ಉರಿಯುವ ಟ್ಯೂಬ್‌ಲೈಟೂ ಈ ಲೆಕ್ಕಕ್ಕೇ ಸೇರುತ್ತದೆ. ಆಗ ಶೋಕೇಸ್‌ಗಳ ಮೇಲೆ ದಪ್ಪ ಬಟ್ಟೆ ಹೊದಿಸಿ.

200 ಮತ್ತು 50 ಲಕ್ಸ್ ಒಂದೇ ನೋಟಕ್ಕೆ ಬಿದ್ದರೆ ಪತ್ರಗಳು ಕತ್ತಲಲ್ಲಿ ಇಟ್ಟಂತೆ ಕಾಣುತ್ತವೆ, ಜನ ಬೆಳಕು ಸಾಲದೆಂದು ದೂರುತ್ತಾರೆ. ಬಾಗಿಲ ಬಳಿ ತೈಲಚಿತ್ರಗಳು, ಆಮೇಲೊಂದು ಅಡ್ಡಗೋಡೆ, ಅದರ ತಿರುವಿನಲ್ಲಿ 100 ಲಕ್ಸ್‌ನ ವಿವರಣೆ ಫಲಕ, ಅದನ್ನು ದಾಟಿ ಕಾಗದ, ಬಟ್ಟೆ. ಫಲಕ ಓದಿ ಮುಗಿಸುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ. ಚಿತ್ರಗಳ ಸ್ಪಾಟ್‌ಲೈಟನ್ನು ಲಂಬರೇಖೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ ಕೂರಿಸಿ. ಅದಕ್ಕಿಂತ ಹೆಚ್ಚು ಓರೆಯಾದರೆ ವಾರ್ನಿಶ್ ಮೇಲೆ ದೀಪವೇ ಹೊಳೆಯುತ್ತದೆ, ಕಡಿಮೆಯಾದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಬೀಳುತ್ತದೆ.

ಗಾಜುಪೆಟ್ಟಿಗೆ:
ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಎರಡರಲ್ಲೂ ತೊಂದರೆ ಅಂಟಿನದ್ದೂ ಮರದ್ದೂ. ಫಾರ್ಮಾಲ್ಡಿಹೈಡ್ ಮತ್ತು ಆಮ್ಲದ ಆವಿ ನಿಧಾನವಾಗಿ ಹೊರಬರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಸೀಸದ ವಸ್ತುವಿದ್ದರೆ ಬಿಳಿ ಪುಡಿ ಏಳುತ್ತದೆ. ಪೌಡರ್ ಕೋಟಿಂಗ್ ಆದ ಲೋಹದ ಚೌಕಟ್ಟು, ಗಾಜು ಒಳ್ಳೆಯದು. ಮರವೇ ಗತಿ ಅಂದರೆ ಒಳಮೈಗೆಲ್ಲ ಅಲ್ಯೂಮಿನಿಯಂ ಪದರದ ತಡೆಹಾಳೆ ಅಂಟಿಸಿ, ಅಂಚು, ಮೂಲೆಗಳನ್ನೂ ಬಿಡದೆ. ಬಣ್ಣ ಬಳಿದಿದ್ದರೆ 4 ವಾರ ಬಾಗಿಲು ತೆರೆದಿಟ್ಟು ಒಣಗಿಸಿ. ಉದ್ಘಾಟನೆಯ ಹಿಂದಿನ ದಿನ ಬಣ್ಣ ಬಳಿಸುವ ಅಭ್ಯಾಸದಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಹಾಸುಬಟ್ಟೆಗೆ ಬಿಳುಪು ಮಾಡದ ಹತ್ತಿ ಬಟ್ಟೆ ಸಾಕು, ಗಂಜಿ ಹೋಗುವಂತೆ ಒಗೆದು ಬಳಸಿ. ಉಣ್ಣೆಯ ಫೆಲ್ಟ್ ಬೇಡ. ಅದರಿಂದ ಬರುವ ಗಂಧಕದ ಆವಿಗೆ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬಿಲ್ಲೆಗಳದ್ದೂ ಅದೇ ಕಥೆ. ಯಾವುದೇ ಸಾಮಗ್ರಿಯ ಬಗ್ಗೆ ಅನುಮಾನವಿದ್ದರೆ ಆಡಿ ಪರೀಕ್ಷೆ ಇದೆ: ಅದರ ತುಂಡು, ಬೆಳ್ಳಿ, ತಾಮ್ರ, ಸೀಸದ ಚಿಕ್ಕ ತಗಡುಗಳು, ಸ್ವಲ್ಪ ನೀರು, ಇವನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುವುದು. ತಗಡು ಕಪ್ಪಾದರೆ ಅಥವಾ ಪುಡಿ ಎದ್ದರೆ ಆ ಸಾಮಗ್ರಿ ಬಿಡಿ.

ದಾಖಲೆಪಾಲ:
ಎರವಲು ಪತ್ರ ಎರಡು ಪ್ರತಿ ಇರಲಿ. ಅವಧಿ, ವಿಮೆ ಯಾರದ್ದು, ಫೋಟೋ ತೆಗೆದು ಪ್ರಕಟಿಸಲು ಒಪ್ಪಿಗೆ ಇದೆಯೇ, ಲೇಬಲ್‌ನಲ್ಲಿ ಹೆಸರು ಹಾಕಬಹುದೇ, ಇಷ್ಟು ಬೇಕೇ ಬೇಕು. ಜೊತೆಗೆ ಸ್ಥಿತಿ ವರದಿ. ವಸ್ತು ಕೈಗೆ ಬಂದ ಕೂಡಲೇ, ಕೊಟ್ಟವರ ಎದುರಿನಲ್ಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ‘ಹರಿದಿದೆ’ ಅಂದರೆ ಸಾಲದು, ‘ಬಲ ಮೇಲ್ಮೂಲೆಯಲ್ಲಿ 2 ಸೆಂ.ಮೀ. ಹರಿದಿದೆ’ ಎಂದು ಬರೆಯಿರಿ. ಹಿಂತಿರುಗಿಸುವಾಗ ಅದೇ ಹಾಳೆ ನೋಡಿ ಇಬ್ಬರೂ ಸಹಿ ಮಾಡಿ.

ಪತ್ರ ಒಬ್ಬರ ಕೈಯಲ್ಲಿದ್ದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಅವರದಾಗುವುದಿಲ್ಲ. ಸಾಮಾನ್ಯವಾಗಿ ಅದು ಬರೆದವರದು, ಅವರ ನಂತರ ವಾರಸುದಾರರದು. ದೊಡ್ಡದಾಗಿ ಮುದ್ರಿಸುವ ಮುಂಚೆ ವಿಚಾರಿಸಿ. ಫೋಟೋದಲ್ಲಿರುವವರ ಹೆಸರು, ಕೆಲಸ, ಅವರ ಕೈಯಲ್ಲಿರುವ ಸಲಕರಣೆ ಏನು ಎಂಬುದನ್ನು ಎಡದಿಂದ ಬಲಕ್ಕೆ ಕೇಳಿ ಬರೆದುಕೊಳ್ಳುವ ಹೊತ್ತು ಇದೇ. ಈ ವಿವರ ಇಲ್ಲದಿದ್ದರೆ ಪ್ರದರ್ಶನದಲ್ಲಿ ದೊರೆ, ಧಣಿಗಳಿಗೆ ಮಾತ್ರ ಹೆಸರಿದ್ದು ದುಡಿದವರು ‘ಕೂಲಿಯಾಳುಗಳು’ ಆಗಿ ಉಳಿದುಬಿಡುತ್ತಾರೆ. ಫೋಟೋದ ಹಿಂಬದಿಗೆ ಬಾಲ್‌ಪೆನ್ ತಾಗಿಸಬೇಡಿ, ಮುಂಬದಿಯಲ್ಲಿ ಗೀರು ಮೂಡುತ್ತದೆ. ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ.

ಬಟ್ಟೆಯಲ್ಲಿ ಹುಳದ ಗುರುತಿದ್ದರೆ ಹಾಲ್ ಒಳಗೆ ತರಲೇಬೇಡಿ. ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಚೀಲದ ಹೊರಗೆ ನಿಲ್ಲಬೇಕಾದ ತೇವ ಬಟ್ಟೆಯ ಮೇಲೆ ಕೂರುತ್ತದೆ. ವರ್ಣಚಿತ್ರ, ಗಾಜಿನ ಫಲಕದ ಫೋಟೋಗಳಿಗೆ ಈ ಉಪಾಯ ಸಲ್ಲದು.

ಚೌಕಟ್ಟು:
ಎಲ್ಲರಿಗೂ ಧನ್ಯವಾದ. ತಂಡ ಬದಲಿಸುವುದು, ಅಡ್ಡಗೋಡೆ ಎರಡೂ ಆಗುತ್ತದೆ. ಲೆಕ್ಕದ ಪುಸ್ತಕವನ್ನು ತೆರೆದಿಡುವುದು ಹೇಗೆ? ಹೊಲಿಗೆ ಸಡಿಲವಾಗಿದೆ.

ಹಳೇಕಾಗದ:
ಪೂರ್ತಿ ಮಲಗಿಸಬೇಡಿ. ಆಮ್ಲರಹಿತ ರಟ್ಟಿನಿಂದ ಇಂಗ್ಲಿಷಿನ ವಿ ಆಕಾರದ ತೊಟ್ಟಿಲು ಮಾಡಿ, ಪುಸ್ತಕದ ಎರಡೂ ಹೊರರಟ್ಟುಗಳಿಗೆ ಕೆಳಗಿನಿಂದ ಆಸರೆ ಸಿಗಬೇಕು. ಪುಸ್ತಕ ತಾನಾಗಿ ಎಷ್ಟು ತೆರೆಯುತ್ತದೋ ಅಷ್ಟೇ. ಸಡಿಲ ಹೊಲಿಗೆಗೆ 90 ಡಿಗ್ರಿ ಸಾಕು. ಪುಟ ಹಿಡಿಯಲು 1 ಸೆಂ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿಯನ್ನು ಪುಟದ ಸುತ್ತ ಬಳಸಿ, ಟೇಪನ್ನು ಪಟ್ಟಿಯ ತುದಿಗೆ ಮಾತ್ರ ಹಚ್ಚಿ, ಕಾಗದಕ್ಕೆ ಸೋಕಬಾರದು. ಪಟ್ಟಿ ಬಿಗಿಯಾದರೆ ಪುಟದ ಅಂಚು ಕತ್ತರಿಸುತ್ತದೆ, ಬೆರಳಿನಿಂದ ಅಲುಗಿಸಿದರೆ ಅಲುಗುವಷ್ಟು ಸಡಿಲ ಇರಲಿ. ಪುಸ್ತಕವನ್ನು ತಂಡಕ್ಕೆ ಸೇರಿಸಬೇಕಿಲ್ಲ, ತಿಂಗಳಿಗೊಮ್ಮೆ ಪುಟ ಮಗುಚಿ, ಯಾವ ಪುಟ ಯಾವ ದಿನಾಂಕದಿಂದ ಎಂದು ಬರೆದಿಡಿ.