ಅಪ್‌ಡೇಟ್: ಹಳೇ ಗೇಮಿಂಗ್ ಪಿಸಿ, ಹತ್ತು ಸಾವಿರದ ಬಜೆಟ್

2014ರ ಐ5-4460 ಪ್ರೊಸೆಸರ್, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಗೆ ಹತ್ತು ಸಾವಿರದೊಳಗೆ ಏನು ಹಾಕಿಸಬಹುದು ಅಂತ ಕೇಳಿದ್ದು ನಾನೇ. ಕೆಲಸ ಮುಗೀತು ಮಾರಾಯ್ರೆ.

ಹೆಚ್ಚಿನವರು ಆರ್‌ಎಕ್ಸ್ 570 ಕಾರ್ಡ್ ಹೇಳಿದ್ರಿ. ಆದ್ರೆ ಅದಕ್ಕೆ ಹೆಚ್ಚಾಗಿ 8 ಪಿನ್ ಪವರ್ ಕನೆಕ್ಟರ್ ಬೇಕು, ನನ್ನ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಅದಿಲ್ಲ. ಹಾಗಾಗಿ ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತಗೊಂಡೆ. ಬರೀ 75 ವಾಟ್, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಕರೆಂಟ್ ಎಳ್ಕೊಳ್ತದೆ. ಅವನ ರೂಮಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿಯೇ ದುಡ್ಡು ಕೊಟ್ಟದ್ದು.

ಇನ್ನೊಂದು 8 ಜಿಬಿ ಡಿಡಿಆರ್3 ರ್‍ಯಾಮ್ ಹಾಕಿದ್ರೆ ಪಿಸಿ ಆನೇ ಆಗ್ಲಿಲ್ಲ! ಮಲ್ಪೆ ಹತ್ತಿರದ ಮನೆ, ಉಪ್ಪುಗಾಳಿ ಕೇಳ್ಬೇಕಾ? ರ್‍ಯಾಮ್‌ನ ಪಿನ್‌ಗಳನ್ನು ರಬ್ಬರಲ್ಲಿ ಉಜ್ಜಿದ ಮೇಲೆ ಸರಿಯಾಯ್ತು. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಅಂತೂ ಒಣಗಿ ಸುಣ್ಣ ಆಗಿತ್ತು, ಅದನ್ನೂ ಬದಲಿಸಿದೆ.

ನಿಜವಾದ ವ್ಯತ್ಯಾಸ ಗೊತ್ತಾದದ್ದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸ್ಟೋರೇಜ್) ಹಾಕಿದ ಮೇಲೆ. ಮೊದಲು ಆನ್ ಮಾಡಿ ಚಾ ಕುಡಿದು ಬರ್ತಿದ್ದೆ, ಈಗ ಅಷ್ಟು ಪುರ್ಸೊತ್ತೇ ಇಲ್ಲ.

ದೊಡ್ಡ ಗೇಮ್‌ಗಳಲ್ಲಿ ನಾಲ್ಕೇ ಕೋರ್‌ನ ಪ್ರೊಸೆಸರ್ ಈಗಲೂ ಏದುಸಿರು ಬಿಡ್ತದೆ. ವಿಂಡೋಸ್ 11ಕ್ಕೂ ಇದು ಸಲ್ಲುವುದಿಲ್ಲ. ಒಟ್ಟು ಖರ್ಚು 9,700. ಮನೆಯಲ್ಲಿ ಹೇಳಿದ್ದು ಆರು ಸಾವಿರ.