ಬ್ಲೂ ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ: ಮೈಲುತುತ್ತ ಹಾಕಬಹುದಾ?

ಕುಂದವಾಡ_ರೀಫ್ (ದಾವಣಗೆರೆ):
200 ಲೀಟರ್ ಉಪ್ಪುನೀರಿನ ಟ್ಯಾಂಕ್. ಲೈವ್ ರಾಕ್ (ಜೀವಾಣು ತುಂಬಿದ ಸಮುದ್ರದ ಕಲ್ಲು), ಸಾಫ್ಟ್ ಕೋರಲ್ (ಮೆತ್ತನೆ ಹವಳ), ಸಿಗಡಿ, ಎರಡು ಕ್ಲೌನ್ ಮೀನು, ಒಂದು ಚಿಕ್ಕ ಬ್ಲೂ ಟ್ಯಾಂಗ್ ಮೀನು ಇವೆ. ಹೊಸ ಡ್ಯಾಮ್ಸೆಲ್ ಮೀನು ಬಿಟ್ಟ ಮೇಲೆ ಟ್ಯಾಂಗ್ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಬಂತು, ಕಲ್ಲಿಗೆ ಮೈ ಉಜ್ಜುತ್ತಿತ್ತು. ನಾಲ್ಕು ದಿನಕ್ಕೆ ತಾನಾಗೇ ಹೋಯ್ತು. ಈಗ ಮತ್ತೆ ಬಂದಿದೆ, ಮೊದಲಿಗಿಂತ ಜಾಸ್ತಿ. ತಾಮ್ರ ಹಾಕಿದರೆ ವಾಸಿ ಅಂತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಮಾಡೋ ಮೈಲುತುತ್ತ (ಕಾಪರ್ ಸಲ್ಫೇಟ್) ಮನೇಲಿದೆ. ಟ್ಯಾಂಕಿಗೆ ಎಷ್ಟು ಹಾಕಲಿ?

ಉಪ್ಪುನೀರು:
ಟ್ಯಾಂಕಿಗೆ ಒಂದು ಹರಳೂ ಹಾಕಬೇಡಿ. ಸಿಗಡಿ, ಕೋರಲ್ ಸಾಯುತ್ತವೆ. ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತೆ, ಆಮೇಲೆ ಆ ಕಲ್ಲನ್ನು ನಂಬೋ ಹಾಗಿಲ್ಲ. ತಾಮ್ರ ಕೊಡೋದಾದರೆ ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲೇ ಕೊಡಬೇಕು.

ನೀವು ಹೇಳಿದ್ದು ಮರೈನ್ ಇಕ್, ಅಂದರೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನೋ ಪರೋಪಜೀವಿಯಿಂದ ಬರೋ ರೋಗ. ಚುಕ್ಕೆ ಹೋಗಿದ್ದು ವಾಸಿಯಾಗಿ ಅಲ್ಲ. ಪರೋಪಜೀವಿ 3ರಿಂದ 7 ದಿನ ಚರ್ಮದೊಳಗೆ ತಿಂದು ಬೆಳೆದು, ಕೆಳಗೆ ಬಿದ್ದು, ಕಲ್ಲು ಮರಳಿಗೆ ಅಂಟಿ ಗೂಡು ಕಟ್ಟುತ್ತೆ. ಒಂದೊಂದು ಗೂಡಿಂದ ನೂರಾರು ಮರಿ ಹೊರಬಂದು ಮತ್ತೆ ಮೀನು ಹುಡುಕುತ್ತವೆ. ಔಷಧಿಗೆ ಸಿಗೋದು ಈಜುವ ಈ ಮರಿ ಮಾತ್ರ. ಚರ್ಮದೊಳಗಿದ್ದಾಗಲೂ ಗೂಡಲ್ಲಿದ್ದಾಗಲೂ ತಾಮ್ರ ತಟ್ಟಲ್ಲ. ಸಿಹಿನೀರಲ್ಲಿ ಅದ್ದೋದು, ಬೆಳ್ಳುಳ್ಳಿ ತಿನ್ನಿಸೋದು ಇದನ್ನು ವಾಸಿ ಮಾಡಲ್ಲ.

ಚುಕ್ಕೆ ಅರಿಶಿನ ಪುಡಿ ಉದುರಿಸಿದಷ್ಟು ಸಣ್ಣಗಿದ್ದು, ಮೀನು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತರೆ ಅದು ವೆಲ್ವೆಟ್ ಅನ್ನೋ ಇನ್ನೊಂದು ಪರೋಪಜೀವಿ ರೋಗ. ಆಗ ಇವತ್ತೇ ಟಬ್ಬಲ್ಲಿ ತಾಮ್ರ ಶುರು ಮಾಡಿ, ತಡ ಮಾಡಿದರೆ ಎರಡು ಮೂರು ದಿನದಲ್ಲೇ ಎಲ್ಲಾ ಮೀನೂ ಸತ್ತುಹೋಗಬಹುದು.

ಟೆಸ್ಟ್‌ಕಿಟ್:
ತೋಟದ ಮೈಲುತುತ್ತ ಬೇಡ, ಅದರಲ್ಲಿ ಬೇರೆ ಏನೇನು ಬೆರೆತಿದೆ ಗೊತ್ತಾಗಲ್ಲ. ಲ್ಯಾಬ್ ಕೆಮಿಕಲ್ ಅಂಗಡೀಲಿ ಎಆರ್ ಗ್ರೇಡ್ (ಲ್ಯಾಬ್ ಪರೀಕ್ಷೆಗೆ ಬಳಸೋ ಶುದ್ಧ) ಕಾಪರ್ ಸಲ್ಫೇಟ್ ಕೇಳಿ. ನೀಲಿ ಹರಳಿನ ತೂಕದ ಕಾಲು ಭಾಗ ತಾಮ್ರ. 1 ಗ್ರಾಂ ಹರಳನ್ನು 250 ಮಿ.ಲೀ. ಡಿಸ್ಟಿಲ್ಡ್ ನೀರಲ್ಲಿ ಕರಗಿಸಿದರೆ ಒಂದು ಮಿ.ಲೀ.ಗೆ 1 ಮಿ.ಗ್ರಾಂ ತಾಮ್ರ ಸಿಗುತ್ತೆ. ಗುರಿ ಲೀಟರಿಗೆ 0.15ರಿಂದ 0.20 ಮಿ.ಗ್ರಾಂ. 100 ಲೀಟರ್ ಟಬ್ಬಿಗೆ ಒಟ್ಟು 20 ಮಿ.ಲೀ.; ಬೆಳಿಗ್ಗೆ 5, ಸಂಜೆ 5ರಂತೆ ಎರಡು ದಿನದಲ್ಲಿ ಏರಿಸಿ, ಪ್ರತಿ ಸಲ ಮೊದಲು ಟೆಸ್ಟ್ ಮಾಡಿ. ಉಪ್ಪುನೀರಲ್ಲಿ ತಾಮ್ರ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತೆ, ಹಾಗಾಗಿ ಲೆಕ್ಕ ನಂಬಬೇಡಿ, ಟೆಸ್ಟ್ ನಂಬಿ. 0.15ಕ್ಕಿಂತ ಕೆಳಗಿಳಿದರೆ ದಿನದ ಎಣಿಕೆ ಮತ್ತೆ ಒಂದರಿಂದ. ಕನಿಷ್ಠ 21 ದಿನ, 30 ಆದರೆ ಇನ್ನೂ ಒಳ್ಳೇದು.

ಟಬ್ಬಲ್ಲಿ ಮರಳು, ಕಲ್ಲು, ಕಾರ್ಬನ್ ಇರಬಾರದು. ಅಡಗಲು ಪಿವಿಸಿ ಎಲ್ಬೋ ಸಾಕು. ಸಂಪ್‌ನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಇಟ್ಟು ಬ್ಯಾಕ್ಟೀರಿಯಾ ಬೆಳೆಸಿದ ಸ್ಪಂಜ್ ಫಿಲ್ಟರ್ ಹಾಕಿ ದಿನವೂ ಅಮೋನಿಯಾ ನೋಡಿ, ಏರಿದರೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರಿಗೆ ಮೊದಲೇ ಅಷ್ಟೇ ತಾಮ್ರ ಬೆರೆಸಿರಬೇಕು. ಅಮೋನಿಯಾಗೆ ಅಂತ ಪ್ರೈಮ್ (ನೀರು ಸರಿಪಡಿಸೋ ದ್ರಾವಣ) ಹಾಕಬೇಡಿ. ಅದು ತಾಮ್ರದ ರೂಪ ಬದಲಿಸಿ ಮೀನಿಗೇ ವಿಷ ಮಾಡಿಬಿಡುತ್ತೆ.

ದುರ್ಗದ_ಮೀನು (ಚಿತ್ರದುರ್ಗ):
ಇಕ್ ಅಂತ ಖಾತ್ರಿ ಇದ್ದರೆ ತಾಮ್ರ ಇಲ್ಲದೆಯೂ ದಾರಿ ಇದೆ: ಟಬ್ಬಿನ ನೀರಲ್ಲಿ ಉಪ್ಪು ಇಳಿಸೋದು. ಎರಡು ದಿನದಲ್ಲಿ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.025ರಿಂದ 1.009ಕ್ಕೆ ತಂದು, ಕೊನೇ ಚುಕ್ಕೆ ಹೋದಮೇಲೆ 30 ದಿನ ಅಲ್ಲೇ ನಿಲ್ಲಿಸಿ. ಉಪ್ಪು ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ಬೇಕೇ ಬೇಕು, ಮುಳ್ಳಿನ ಹೈಡ್ರೋಮೀಟರ್ ಇಷ್ಟು ನಿಖರ ಅಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಫ್ಯಾನ್ ಹಾಕಿದರೆ ನೀರು ಬೇಗ ಆರಿ ಉಪ್ಪು ಏರುತ್ತೆ. ಟಬ್ಬಿಗೆ ಗೆರೆ ಎಳೆದು ದಿನಕ್ಕೆರಡು ಸಲ ಆರ್‌ಒ ನೀರು ತುಂಬಿಸಿ. ಪಿಎಚ್ ಇಳಿದರೆ ಸ್ವಲ್ಪ ಅಡುಗೆ ಸೋಡಾ. ವಾಪಸ್ ಏರಿಸುವಾಗ ದಿನಕ್ಕೆ 0.002 ಮಾತ್ರ. ವೆಲ್ವೆಟ್‌ಗೆ ಇದು ಕೆಲಸ ಮಾಡಲ್ಲ. ತಾಮ್ರದ ಜೊತೆ ಸೇರಿಸಲೂಬಾರದು.

ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲಿ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಕಿವಿರು ಮೊದಲೇ ಹಾಳಾಗಿರುತ್ತೆ.

ಕುಂದವಾಡ_ರೀಫ್:
ಟ್ಯಾಂಗ್ ಒಂದನ್ನೇ ಟಬ್ಬಿಗೆ ಹಾಕಿದರೆ ಸಾಲದಾ? ಕ್ಲೌನ್ ಮೇಲೆ ಒಂದೂ ಚುಕ್ಕೆ ಇಲ್ಲ.

ಉಪ್ಪುನೀರು:
ಸಾಲದು ಸರ್. ಚುಕ್ಕೆ ಕಾಣದಿದ್ದರೂ ಕ್ಲೌನ್ ಕಿವಿರಲ್ಲಿ ಪರೋಪಜೀವಿ ಇರಬಹುದು. ಎಲ್ಲಾ ಮೀನೂ ಟಬ್ಬಿಗೆ, ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಖಾಲಿ. ಕೋರಲ್, ಸಿಗಡಿ ಅಲ್ಲೇ ಇರಲಿ, ಅವುಗಳ ಮೇಲೆ ಇದು ಬದುಕಲ್ಲ. ಎರಡು ಕಡೆಗೂ ಬೇರೆ ಬೇರೆ ಬಲೆ, ಬಕೆಟ್ ಇಟ್ಟುಕೊಳ್ಳಿ, ಒದ್ದೆ ಕೈ ಒಂದರಿಂದ ಇನ್ನೊಂದಕ್ಕೆ ಹಾಕಬೇಡಿ.